ನಗಿಸುವವರ ರಾತ್ರಿ ಪಾಳಿ

ಕಡೂರು ತಾಲೂಕಿನ ದೇವನೂರು ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಜೈಮಿನಿ ಭಾರತದ ಕವಿ ಲಕ್ಷ್ಮೀಶ. ಹಿಂದೆ ಹಳ್ಳಿಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ದೀಪದ ಬೆಳಕಿನಲ್ಲಿ ಆ ಕಾವ್ಯವನ್ನು ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಇಂದು ಅದೇ ಹೊತ್ತಿನಲ್ಲಿ, ಇಶಾ ನಮಾಝ್ ಮುಗಿದು ಮನೆಯ ದೀಪ ಆರಿದ ಮೇಲೆ, ಹೊದಿಕೆಯೊಳಗಿನಿಂದ ಕಿಸಕ್ಕನೆ ನಗು ಕೇಳಿಸುತ್ತದೆ. "ಇಷ್ಟು ಹೊತ್ತಿನಲ್ಲಿ ಏನೋ ಅದು?" ಎಂದು ನೀವು ಗದರುತ್ತೀರಿ. "ಕಾಮಿಡಿ, ಅಮ್ಮೀ" ಎನ್ನುತ್ತಾನೆ ಮಗ.

ನಾಳೆ ಅವನೇ ಬಂದು, "ನಾನೂ ಕಾಮಿಡಿ ಬರೆಯುತ್ತೇನೆ, ಅದೇ ನನ್ನ ಕೆಲಸ" ಎಂದರೆ ನೀವೇನು ಹೇಳುವಿರಿ? ನಗಿಸುವುದೂ ಒಂದು ಉದ್ಯೋಗವೇ ಎಂದು ನಕ್ಕು ಸುಮ್ಮನಾಗುವ ಮೊದಲು ಆ ಉದ್ಯೋಗವನ್ನು ಸ್ವಲ್ಪ ನೋಡೋಣ.

ತಡರಾತ್ರಿಯ ಕುರ್ಚಿ

ಅಮೆರಿಕದಲ್ಲಿ 'ದಿ ಟುನೈಟ್ ಶೋ' ಶುರುವಾದದ್ದು 1954ರಲ್ಲಿ. ಮಕ್ಕಳು ಮಲಗಿದ ಮೇಲೆ ಒಬ್ಬ ನಿರೂಪಕ ಬಂದು ಆ ದಿನದ ಸುದ್ದಿಯನ್ನೇ ಹಿಡಿದು ತಮಾಷೆ ಮಾಡುವುದು, ಬಳಿಕ ಅತಿಥಿಗಳೊಂದಿಗೆ ಹರಟುವುದು ಅದರ ಪದ್ಧತಿ. ಕೆಲವೇ ನಿಮಿಷಗಳ ಆ ತಮಾಷೆಯ ಹಿಂದೆ ಬರಹಗಾರರ ಒಂದು ತಂಡವೇ ದುಡಿಯುತ್ತದೆ. ಬೆಳಗ್ಗೆ ಪತ್ರಿಕೆಗಳನ್ನು ಜಾಲಾಡಿ ಬರೆದ ಸಾಲುಗಳಲ್ಲಿ ಬಹುಪಾಲು ಸಂಜೆಯೊಳಗೆ ಕಸದ ಬುಟ್ಟಿ ಸೇರುತ್ತವೆ. ಉಳಿದವು ಮರುದಿನಕ್ಕೆ ಹಳಸುತ್ತವೆ. ನಮ್ಮ ದೇಶದಲ್ಲಿ 1997ರಲ್ಲಿ ಶೇಖರ್ ಸುಮನ್ 'ಮೂವರ್ಸ್ ಆ್ಯಂಡ್ ಶೇಕರ್ಸ್' ಮೂಲಕ ಇಂಥದೇ ಕಾರ್ಯಕ್ರಮವನ್ನು ಮನೆಮನೆಗೆ ತಂದರು.

ಬೆಂಗಳೂರಿನ ದಾನಿಶ್ ಸೇಠ್

ನಮ್ಮ ನಾಡಿನಲ್ಲಿ ಬರೆದು ತಾನೇ ನಟಿಸುವವರನ್ನು ಹುಡುಕಿದರೆ ಬೆಂಗಳೂರಿನ ದಾನಿಶ್ ಸೇಠ್ ಸಿಗುತ್ತಾರೆ. ನಟಿ ಕುಬ್ರಾ ಸೇಠ್ ಅವರ ತಮ್ಮ. ದಾನಿಶ್ ಹೆಸರು ಮಾಡಿದ್ದು ಎಫ್‌ಎಂ ರೇಡಿಯೋದಲ್ಲಿ, ದನಿ ಬದಲಿಸಿ ಜನರಿಗೆ ಫೋನ್ ಮಾಡಿ ಬೇಸ್ತು ಬೀಳಿಸುವ ಕಾರ್ಯಕ್ರಮದಿಂದ. ಆ ಕರೆಗಳಲ್ಲಿ ಹುಟ್ಟಿದ ಪಾತ್ರವೇ ನೋಗ್‌ರಾಜ್ ಎಂಬ ರಾಜಕಾರಣಿ. ಕ್ರಿಕೆಟ್ ಪ್ರಿಯರಿಗೆ ಅವರು ಆರ್‌ಸಿಬಿ ಆಟಗಾರರ ತಲೆ ತಿನ್ನುವ 'ಮಿಸ್ಟರ್ ನ್ಯಾಗ್ಸ್' ಆಗಿ ಪರಿಚಿತರು.

2018ರ ಜನವರಿಯಲ್ಲಿ 'ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್' ಸಿನಿಮಾ ಬಂತು. ಶಾಸಕನಾಗಲು ಹೊರಟ ಭ್ರಷ್ಟ ಕಾರ್ಪೊರೇಟರನ ಕತೆಯನ್ನು ನಿರ್ದೇಶಕ ಸಾದ್ ಖಾನ್ ಜೊತೆ ದಾನಿಶ್ ಬರೆದರು, ತಾವೇ ನೋಗ್‌ರಾಜ್ ಆದರು. 2020ರಲ್ಲಿ ಪನ್ನಗ ಭರಣ ನಿರ್ದೇಶನದ 'ಫ್ರೆಂಚ್ ಬಿರಿಯಾನಿ'ಯಲ್ಲಿ ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಆದರು. ನಮ್ಮ ಗಲ್ಲಿಗಳಲ್ಲಿ ಕೇಳುವ ದಖ್ಖನಿ ಉರ್ದುವೂ ಕನ್ನಡವೂ ಕಲೆತ ಮಾತು ಅಲ್ಲಿ ತೆರೆಗೆ ಬಂತು.

ಅದೇ ವರ್ಷ ಲಾಕ್‌ಡೌನ್ ಬಂದಾಗ ಶೂಟಿಂಗ್ ಇಲ್ಲ, ವೇದಿಕೆ ಇಲ್ಲ. ದಾನಿಶ್ ಮನೆಯಲ್ಲೇ ಕುಳಿತು ಮೊಬೈಲ್ ಮುಂದೆ ಒಬ್ಬರೇ ಹಲವರಾದರು. ರಾಮಮೂರ್ತಿಯವರು, ಮನೆಗೆಲಸದ ಜಯಾ, ಹೀಗೆ ಒಂದೊಂದು ದನಿ, ಒಂದೊಂದು ಹಾವಭಾವ. ಕದ ಮುಚ್ಚಿ ದಿಗಿಲಿನಲ್ಲಿ ಕುಳಿತಿದ್ದ ಎಷ್ಟೋ ಮನೆಗಳು ಆ ಪುಟ್ಟ ವೀಡಿಯೋಗಳನ್ನು ನೋಡಿ ನಕ್ಕವು. ಸಂಕಟದ ಕಾಲದಲ್ಲಿ ಒಂದು ನಗುವಿನ ಬೆಲೆ ಎಷ್ಟೆಂದು ನಮಗೆ ಆಗ ತಿಳಿಯಿತು.

ನಗುವಿನ ಲೆಕ್ಕ

ಹಾಗಿದ್ದರೆ ಎಲ್ಲ ನಗುವೂ ಒಳ್ಳೆಯದೇ? ಅದನ್ನು ತೂಗಿ ನೋಡಬೇಕಾದವರು ನೀವು. ಅಧಿಕಾರದಲ್ಲಿ ಮೆರೆಯುವವನನ್ನು ಗೇಲಿ ಮಾಡಿದರೆ ನಗುವವನು ಬಡವ. ಅದೇ ಮನೆಗೆಲಸದವಳನ್ನು ಆಡಿಕೊಂಡರೆ ನಗುವವರು ನಾವು, ನೋಯುವವಳು ಅವಳು. ಜಯಾಳಂಥ ಪಾತ್ರ ನೋಡುವಾಗ ನಾವು ನಗುತ್ತಿರುವುದು ಅವಳ ಜಾಣ್ಮೆಗೋ ಬಡತನಕ್ಕೋ ಎಂದು ಕೇಳಿಕೊಳ್ಳಬೇಕು. ಫೋನಿನಲ್ಲಿ ಬೇಸ್ತು ಬಿದ್ದವನಿಗೂ ಕೊನೆಗೆ ನಗು ಬರಬೇಕು. ಇಲ್ಲವಾದರೆ ಅದು ತಮಾಷೆಯಾಗದು.

ಇನ್ನೊಂದು ಲೆಕ್ಕ ಸತ್ಯದ್ದು. ಭಾರತೀಯ ಮುಸ್ಲಿಮ್ ದಂಪತಿಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಹಸನ್ ಮಿನ್ಹಾಜ್ 2014ರಲ್ಲಿ 'ದಿ ಡೈಲಿ ಶೋ' ಸೇರಿದರು. 2018ರಿಂದ 2020ರವರೆಗೆ 'ಪೇಟ್ರಿಯಟ್ ಆ್ಯಕ್ಟ್' ಎಂಬ ತಮ್ಮದೇ ಕಾರ್ಯಕ್ರಮ ನಡೆಸಿದರು. ಮುಸ್ಲಿಮನಾಗಿ ಅನುಭವಿಸಿದ ಅವಮಾನಗಳನ್ನು ವೇದಿಕೆಯಲ್ಲಿ ಹೇಳಿ ನಗಿಸಿದರು, ಅಳಿಸಿದರು. ಆದರೆ ಅವುಗಳಲ್ಲಿ ಕೆಲವು ಹೇಳಿದಂತೆ ನಡೆದಿರಲಿಲ್ಲ ಎಂದು 2023ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆ ಬರೆಯಿತು. ಘಟನೆಗಳಿಗೆ ಬಣ್ಣ ಹಚ್ಚಿದ್ದುಂಟು, ಅದರ ಹಿಂದಿನ ನೋವು ನಿಜ ಎಂಬುದು ಅವರ ಸಮರ್ಥನೆ. ವರದಿ ತಮಗೆ ನ್ಯಾಯ ಮಾಡಿಲ್ಲವೆಂದೂ ಹೇಳಿದರು. ಇರಬಹುದು. ಆದರೆ ನಿಜವಾಗಿ ನೊಂದವರ ಮಾತನ್ನೂ ಜನ ಶಂಕಿಸುವಂತಾದರೆ ಅದರ ನಷ್ಟ ಯಾರಿಗೆ?

ಮಗಳು ಬರೆದರೆ?

ಮಗನ ಬದಲು ಮಗಳು ಈ ಮಾತು ಹೇಳಿದರೆ? ಹೆಣ್ಣುಮಕ್ಕಳಿಗೆ ಹಾಸ್ಯವೇಕೆ ಎನ್ನುತ್ತಿದ್ದ ಕಾಲದಲ್ಲೇ ಟಿ. ಸುನಂದಮ್ಮ (1917–2006) 'ಕೊರವಂಜಿ'ಯಂಥ ಪತ್ರಿಕೆಯಲ್ಲಿ ಅಡುಗೆಮನೆ, ಸಂಸಾರಗಳನ್ನೇ ವಸ್ತುವಾಗಿಸಿ ನಗೆಬರಹ ಬರೆದರು. 2017ರಲ್ಲಿ ಸುಮುಖಿ ಸುರೇಶ್ ಬೆಂಗಳೂರನ್ನೇ ಹಿನ್ನೆಲೆಯಾಗಿಸಿ 'ಪುಷ್ಪವಲ್ಲಿ' ಸರಣಿ ರೂಪಿಸಿ ತಾವೇ ನಾಯಕಿಯಾದರು.

ಆದ್ದರಿಂದ ಸೋದರಿಯರೇ, ಈ ರಾತ್ರಿ ಹೊದಿಕೆಯೊಳಗಿನಿಂದ ನಗು ಕೇಳಿಸಿದರೆ ಮೊದಲು ಹತ್ತಿರ ಹೋಗಿ ಕುಳಿತುಕೊಳ್ಳಿ. "ನನಗೂ ತೋರಿಸು" ಎನ್ನಿ. ನೋಡಿದ ಮೇಲೆ ಎರಡೇ ಪ್ರಶ್ನೆ ಕೇಳಿ: "ಇದರಲ್ಲಿ ಯಾರಿಗಾದರೂ ನೋವಾಯಿತೇ? ಇದರಲ್ಲಿ ನಿಜ ಎಷ್ಟು?" ಉತ್ತರ ಹುಡುಕಲು ಕಲಿತ ಮಗು ನಾಳೆ ಕಾಮಿಡಿ ಬರೆದರೂ ನೀವು ಅಂಜಬೇಕಿಲ್ಲ. ಆಮೇಲೆ ಮೊಬೈಲ್ ಕಸಿದುಕೊಂಡು ಮಲಗಿಸಿ. ಬೆಳಗ್ಗೆ ಫಜ್ರ್‌ಗೆ ಏಳಬೇಕಲ್ಲ!