ಮ್ಯಾನೇಜರ್ ಕುರ್ಚಿ ಎಷ್ಟು ಗಟ್ಟಿ?



ನಮ್ಮ ಭಾನುವಾರದ ಫೋನ್-ಇನ್‌ಗೆ ಪುಣೆಯಿಂದ ಒಬ್ಬರು ತಾಯಿ ಕರೆ ಮಾಡಿದ್ದರು. ಮಗ ಅಮೆರಿಕದ ಡೆಟ್ರಾಯಿಟ್ ಕಡೆ ಕಾರು ಕಂಪನಿಯಲ್ಲಿ ಎಂಜಿನಿಯರ್. ಫೋನ್ ಮಾಡಿದರೆ ಊಟದ ಮಾತಿಗಿಂತ ಮೊದಲು 'ನಮ್ಮ ಲಯನ್ಸ್' ಸುದ್ದಿಯಂತೆ. "ಆಟಗಾರರಿಗಿಂತ ಜನರಲ್ ಮ್ಯಾನೇಜರ್ ಬಗ್ಗೆನೇ ಜಾಸ್ತಿ ಮಾತಾಡ್ತಾನೆ. ಒಂದು ದಿನ ಹೊಗಳ್ತಾನೆ, ಒಂದು ದಿನ ಬೈತಾನೆ. ಆ ಮನುಷ್ಯ ಮೈದಾನಕ್ಕೇ ಇಳಿಯೋಲ್ಲವಂತೆ! ಅವರು ಚೆನ್ನಾಗಿ ಕೆಲಸ ಮಾಡಿದ್ದಾರೋ ಇಲ್ವೋ ಅಂತ ಹೇಗಪ್ಪಾ ಗೊತ್ತಾಗೋದು?" ಎಂದು ಕೇಳಿದರು. ಎರಡು ಹಾಡಿನ ನಡುವೆ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಂತೆಗೆ ಹೋಗುವವರು

ಮೊದಲು ಒಂದು ಮಾತು. ಇದು ನಾವು ಕಾಲಿನಲ್ಲಿ ಆಡುವ ಫುಟ್ಬಾಲ್ ಅಲ್ಲ. ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಅಲ್ಲಿನ ಎನ್‌ಎಫ್‌ಎಲ್ ಲೀಗಿನಲ್ಲಿ 32 ತಂಡಗಳಿವೆ.

ಒಂದು ಮದುವೆ ಮನೆ ನೆನಪಿಸಿಕೊಳ್ಳಿ. ಅಡುಗೆ ಭಟ್ಟರು ಕೋಚ್. ಮನೆ ಯಜಮಾನರು ತಂಡದ ಮಾಲೀಕರು. ಇವರಿಬ್ಬರ ನಡುವೆ ಚೀಲ ಹಿಡಿದು ಸಂತೆಗೆ ಹೋಗಿ ತರಕಾರಿ, ದಿನಸಿ ಆರಿಸಿ ತರುವವರೇ ಜನರಲ್ ಮ್ಯಾನೇಜರ್. 53 ಆಟಗಾರರ ತಂಡ ಕಟ್ಟುವುದು ಅವರ ಕೆಲಸ. ಅನೇಕ ತಂಡಗಳಲ್ಲಿ ಭಟ್ಟರನ್ನು ಆರಿಸುವುದರಲ್ಲೂ ಅವರ ಮಾತು ನಡೆಯುತ್ತದೆ.

ಆದರೆ ಯಜಮಾನರು ಎಷ್ಟೇ ಶ್ರೀಮಂತರಾದರೂ ಬೇಕಾದಷ್ಟು ಖರ್ಚು ಮಾಡುವಂತಿಲ್ಲ. 1994ರಿಂದ ಸಂಬಳಕ್ಕೆ ಮಿತಿ ಇದೆ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಕ್ಕೂ ಒಂದೇ ಅಳತೆಯ ಹಣದ ಥೈಲಿ ಇರುತ್ತದಲ್ಲ, ಹಾಗೆ. 2024ರಲ್ಲಿ ಒಂದು ತಂಡದ ಮಿತಿ 25.54 ಕೋಟಿ ಡಾಲರ್. ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ವರ್ಷಕ್ಕೊಮ್ಮೆ 'ಡ್ರಾಫ್ಟ್'ನಲ್ಲಿ ಏಳು ಸುತ್ತುಗಳಲ್ಲಿ ಹಂಚಿಕೊಳ್ಳುತ್ತಾರೆ. ಹಿಂದಿನ ವರ್ಷ ತೀರಾ ಸೋತವರಿಗೆ ಆಯ್ಕೆಯ ಮೊದಲ ಸರದಿ.

ಅಂದರೆ ಬಿದ್ದವರನ್ನು ಎತ್ತಲು ನಿಯಮವೇ ಕೈ ಚಾಚುತ್ತದೆ. ಇಷ್ಟಾಗಿಯೂ ಒಂದು ತಂಡ ವರ್ಷಗಟ್ಟಲೆ ತಳದಲ್ಲೇ ಇದ್ದರೆ ಅದನ್ನು ಬರೀ ದುರದೃಷ್ಟ ಅನ್ನಲಾಗದು. ಸಂತೆಗೆ ಹೋದವರನ್ನು ಕೇಳಲೇಬೇಕು.

ಏಳು ವರ್ಷ ಕಾದ ಊರು

ಪುಣೆಯ ತಾಯಿಯ ಮಗನ ತಂಡವನ್ನೇ ತೆಗೆದುಕೊಳ್ಳೋಣ. 2001ರಲ್ಲಿ ಡೆಟ್ರಾಯಿಟ್ ಲಯನ್ಸ್ ಮಾಲೀಕ ವಿಲಿಯಂ ಕ್ಲೇ ಫೋರ್ಡ್ ತಂಡದ ಆಡಳಿತವನ್ನು ಮ್ಯಾಟ್ ಮಿಲನ್ ಕೈಗೆ ಕೊಟ್ಟರು. ಮಿಲನ್ ದೊಡ್ಡ ಆಟಗಾರ, ನಾಲ್ಕು ಸೂಪರ್ ಬೌಲ್ ಗೆದ್ದವರು. ಆಮೇಲೆ ಒಳ್ಳೆಯ ಕಾಮೆಂಟೇಟರ್ ಎಂದು ಹೆಸರು ಮಾಡಿದವರು. ತಂಡ ಕಟ್ಟಿದ ಅನುಭವ ಮಾತ್ರ ಇರಲಿಲ್ಲ.

ಮೊದಲ ಎರಡು ವರ್ಷ, 32 ಪಂದ್ಯ, 5 ಗೆಲುವು. ಹೊಸಬರು, ಇರಲಿ ಎಂದರು. 2003, 2004, 2005, ಮೂರೂ ವರ್ಷ ಮೊದಲ ಸುತ್ತಿನಲ್ಲಿ ಒಂದೇ ಜಾಗಕ್ಕೆ, ಅಂದರೆ ಚೆಂಡು ಹಿಡಿಯುವ ರಿಸೀವರ್ ಜಾಗಕ್ಕೇ, ಹುಡುಗರನ್ನು ತಂದರು. ಮೂವರಲ್ಲಿ ರಾಯ್ ವಿಲಿಯಮ್ಸ್ ಒಬ್ಬರು ನಿಂತರು, ಇನ್ನಿಬ್ಬರು ತಂಡದಿಂದ ಬೇಗ ಮರೆಯಾದರು. 2005ರಲ್ಲಿ 10ನೆಯವರಾಗಿ ಮೈಕ್ ವಿಲಿಯಮ್ಸ್ ಅವರನ್ನು ಲಯನ್ಸ್ ಆರಿಸಿತು. 11ನೆಯವರಾಗಿ ಡಲ್ಲಾಸ್ ತಂಡಕ್ಕೆ ಹೋದ ಡಿಮಾರ್ಕಸ್ ವೇರ್ 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು! ಅದೇ 2005ರಲ್ಲಿ ಮಿಲನ್ ಅವರಿಗೆ ಮತ್ತೆ ಐದು ವರ್ಷದ ಒಪ್ಪಂದವೂ ಸಿಕ್ಕಿತು. ಆ ಡಿಸೆಂಬರಿನಲ್ಲಿ ಅಭಿಮಾನಿಗಳು ಎದುರಾಳಿ ತಂಡದ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ತಮ್ಮದೇ ಮೈದಾನದಲ್ಲಿ ಪ್ರತಿಭಟಿಸಿದರು.

2008ರ ಸೆಪ್ಟೆಂಬರಿನಲ್ಲಿ ಮಿಲನ್ ಹುದ್ದೆ ಹೋಯಿತು. ಅಷ್ಟರಲ್ಲಿ 31 ಗೆಲುವು, 84 ಸೋಲು. ಆ ವರ್ಷ ತಂಡ 16ಕ್ಕೆ 16 ಪಂದ್ಯವನ್ನೂ ಸೋತಿತು.

ಆದರೂ ನ್ಯಾಯವಾಗಿ ಹೇಳಬೇಕು. 2007ರಲ್ಲಿ ಮಿಲನ್ ಆರಿಸಿದ ಕ್ಯಾಲ್ವಿನ್ ಜಾನ್ಸನ್ ಕೂಡ ರಿಸೀವರೇ. ಅವರು 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಒಂದು ಒಳ್ಳೆಯ ಆಯ್ಕೆಯಿಂದ ಮ್ಯಾನೇಜರ್ ದೊಡ್ಡವರಾಗುವುದಿಲ್ಲ, ಒಂದು ಕೆಟ್ಟ ಆಯ್ಕೆಯಿಂದ ಸಣ್ಣವರೂ ಆಗುವುದಿಲ್ಲ. ಸಾಲಾಗಿ ನೋಡಬೇಕು.

ಅದೇ ಊರು, ಅದೇ ಕುಟುಂಬ

ಈಗ 2021ಕ್ಕೆ ಬನ್ನಿ. ತಂಡ ಫೋರ್ಡ್ ಅವರ ಮಗಳು ಶೀಲಾ ಫೋರ್ಡ್ ಹ್ಯಾಂಪ್ ಕೈಯಲ್ಲಿತ್ತು. ಹೊಸ ಜನರಲ್ ಮ್ಯಾನೇಜರ್ ಬ್ರಾಡ್ ಹೋಮ್ಸ್. ಬಂದವರೇ ಊರಿನ ಅಚ್ಚುಮೆಚ್ಚಿನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಬದಲಿಗೆ ಜೇರೆಡ್ ಗಾಫ್ ಅವರನ್ನೂ ಮುಂದಿನ ವರ್ಷಗಳ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಮತ್ತೊಂದು ಮೂರನೇ ಸುತ್ತಿನದನ್ನೂ ಪಡೆದರು. ಮರುವರ್ಷವೇ ಸ್ಟಾಫರ್ಡ್ ರ‍್ಯಾಮ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟರು. ಡೆಟ್ರಾಯಿಟ್‌ನವರ ಹೊಟ್ಟೆ ಎಷ್ಟು ಉರಿದಿರಬೇಡ!

2022ರ ಅಕ್ಟೋಬರ್ ಕೊನೆಗೆ ಹೋಮ್ಸ್ ಲೆಕ್ಕ: 24 ಪಂದ್ಯ, 4 ಗೆಲುವು. ಮಿಲನ್ ಅವರ ಮೊದಲೆರಡು ವರ್ಷದ ಲೆಕ್ಕಕ್ಕೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಆಗ ಮಾಲಕಿ ಸ್ವತಃ ಪತ್ರಕರ್ತರ ಮುಂದೆ ಬಂದು, ತನಗೆ ಇವರಲ್ಲಿ ನಂಬಿಕೆ ಇದೆ ಎಂದರು.

ಅಪ್ಪನೂ ಕಾದರು, ಮಗಳೂ ಕಾದರು. ಅಪ್ಪ ಕಾದದ್ದು ತಪ್ಪಾಯಿತು, ಮಗಳು ಕಾದದ್ದು ಸರಿಯಾಯಿತು. ಯಾಕೆ? ಸ್ಕೋರ್‌ಬೋರ್ಡ್ ಬಿಟ್ಟು ತಂಡದ ಒಳಗೆ ನೋಡಿ. 2021ರಲ್ಲಿ 7ನೆಯವರಾಗಿ ಆರಿಸಿದ ಪೆನೈ ಸೂಯೆಲ್, 112ನೆಯವರಾಗಿ ಸಿಕ್ಕ ಅಮನ್-ರಾ ಸೇಂಟ್ ಬ್ರೌನ್, 2022ರ ಏಡನ್ ಹಚಿನ್ಸನ್, ಎಲ್ಲರೂ ಸೋಲುವ ತಂಡದಲ್ಲೇ ಚೆನ್ನಾಗಿ ಆಡುತ್ತಿದ್ದರು. ಬೇರೆ ತಂಡಗಳು 16 ರಿಸೀವರ್‌ಗಳನ್ನು ಆರಿಸಿಕೊಂಡ ಮೇಲೆ ಉಳಿದಿದ್ದವರು ಸೇಂಟ್ ಬ್ರೌನ್. ಬೀಜ ಮೊಳಕೆ ಒಡೆದಿತ್ತು, ಫಸಲು ಬಂದಿರಲಿಲ್ಲ, ಅಷ್ಟೆ. ಮಿಲನ್ ಕಾಲದಲ್ಲಿ ಮೊಳಕೆಯೇ ಅಪರೂಪವಾಗಿತ್ತು.

ಆ ಅಕ್ಟೋಬರ್ ಮುಗಿದ ನಂತರದ 10 ಪಂದ್ಯಗಳಲ್ಲಿ ಲಯನ್ಸ್ 8 ಗೆದ್ದಿತು. 2024ರ ಜನವರಿಯಲ್ಲಿ ಪ್ಲೇಆಫ್ ಪಂದ್ಯಕ್ಕೆ ಡೆಟ್ರಾಯಿಟ್‌ಗೆ ಬಂದವರು ಯಾರು ಗೊತ್ತೇ? ಸ್ಟಾಫರ್ಡ್ ಇದ್ದ ಅದೇ ರ‍್ಯಾಮ್ಸ್. ಲಯನ್ಸ್ 24-23ರಿಂದ ಗೆದ್ದಿತು. 32 ವರ್ಷಗಳಲ್ಲಿ ಆ ಊರು ಕಂಡ ಮೊದಲ ಪ್ಲೇಆಫ್ ಗೆಲುವು ಅದು. ಪಂಪ ಕನ್ನಡ ಕೂಟ ಕಟ್ಟಿಕೊಂಡು ಅಲ್ಲೇ ನೆಲೆಸಿರುವ ನಮ್ಮವರ ಎಷ್ಟೋ ಮಕ್ಕಳು ಹುಟ್ಟಿ ಬೆಳೆದು ದೊಡ್ಡವರಾದದ್ದೇ ಆ 32 ವರ್ಷಗಳಲ್ಲಿ.

ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಅರ್ಧ ಆಟಕ್ಕೆ 24-7 ಮುಂದಿದ್ದ ಲಯನ್ಸ್ ಕೊನೆಗೆ 34-31ರಿಂದ ಸೋತಿತು. ಆ ಅರ್ಧ ಆಟದ ಸೋಲಿಗೆ ಮೂರು ವರ್ಷದ ಕೆಲಸವನ್ನೇ ಅಳಿಸಿಹಾಕಲಾದೀತೇ?

ಮಾರಿದ ಕಾರಿನ ಕಂತು

ದೊಡ್ಡ ತಪ್ಪು ಮಾಡಿದವರ ಕೆಲಸ ಹೋಗಲೇಬೇಕು ಎಂದೇನೂ ಇಲ್ಲ. 2022ರಲ್ಲಿ ಡೆನ್ವರ್ ತಂಡದ ಜಾರ್ಜ್ ಪೇಟನ್ ಅವರು ರಸೆಲ್ ವಿಲ್ಸನ್ ಎಂಬ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ನನ್ನು ತಂದು, ಐದು ವರ್ಷಕ್ಕೆ 24.5 ಕೋಟಿ ಡಾಲರಿನ ಒಪ್ಪಂದ ಮಾಡಿದರು. ಎರಡೇ ಸೀಸನ್ನಿಗೆ ಕೈಬಿಡಬೇಕಾಯಿತು. ಕೈಬಿಟ್ಟರೂ ಸುಮಾರು 8.5 ಕೋಟಿ ಡಾಲರ್ 2024 ಮತ್ತು 2025ರ ಸಂಬಳ ಮಿತಿಯ ಲೆಕ್ಕಕ್ಕೆ ಬಂತು. ಕಾರು ಮಾರಿದ ಮೇಲೂ ಸಾಲದ ಕಂತು ಕಟ್ಟಿದ ಹಾಗೆ!

ಕೋಚ್ ನೇಥಾನಿಯಲ್ ಹ್ಯಾಕೆಟ್ 2022ರ ಡಿಸೆಂಬರಿನಲ್ಲೇ ಮನೆಗೆ ಹೋದರು. ಪೇಟನ್ ಉಳಿದರು. ತಂಡದ ಹೊಸ ಮಾಲೀಕರು ಬೇರೆ ಕೋಚ್ ತಂದರು. 2024ರಲ್ಲಿ 12ನೆಯವರಾಗಿ ಆರಿಸಿದ ಬೋ ನಿಕ್ಸ್ ಜೊತೆ ತಂಡ ಪ್ಲೇಆಫ್‌ಗೂ ಹೋಯಿತು. ಕೆಲಸ ಚೆನ್ನಾಗಿರುವುದು ಬೇರೆ, ಕುರ್ಚಿ ಗಟ್ಟಿಯಾಗಿರುವುದು ಬೇರೆ. ಕುರ್ಚಿ ಮಾಲೀಕರ ಮನಸ್ಸಿನ ಮೇಲೆ ನಿಂತಿದೆ.

ಇದು ನಮ್ಮಲ್ಲೂ ಆಗಿದೆ. ಮಿಲನ್ ಮನೆಗೆ ಹೋದ ಅದೇ 2008ರಲ್ಲಿ ಬೆಂಗಳೂರು ರಾಯಲ್ ಚಾಲೆಂಜರ್ಸ್ ಸಿಇಒ ಆಗಿದ್ದವರು ಚಾರು ಶರ್ಮಾ. ಅವರೂ ಕಾಮೆಂಟೇಟರೇ! ಮೊದಲ ಐಪಿಎಲ್ ಅರ್ಧ ಮುಗಿಯುವ ಹೊತ್ತಿಗೆ ಹುದ್ದೆಯಿಂದ ಹೊರಬಿದ್ದರು, ಆ ಜಾಗಕ್ಕೆ ಬ್ರಿಜೇಶ್ ಪಟೇಲ್ ಬಂದರು. ಅಲ್ಲಿ ಏಳು ವರ್ಷ, ಇಲ್ಲಿ ಕೆಲವೇ ವಾರ. ಎರಡೂ ಅತಿಯೇ.

ಹಾಗಾದರೆ ಏನು ಕೇಳಬೇಕು?

ಪುಣೆಯ ತಾಯಿಗೆ ನನ್ನ ಉತ್ತರ ಇಷ್ಟು. ಮುಂದಿನ ಸಲ ಮಗ ಬೈದರೆ ನಾಲ್ಕು ಪ್ರಶ್ನೆ ಕೇಳಿ. ಮೂರು ವರ್ಷದ ಹಿಂದೆ ಆರಿಸಿದ ಹುಡುಗರಲ್ಲಿ ಎಷ್ಟು ಜನ ಈಗ ಆಡುತ್ತಿದ್ದಾರೆ? ತಂಡದಲ್ಲಿ ಇಲ್ಲದವರಿಗಾಗಿ ಎಷ್ಟು ದುಡ್ಡು ಕಟ್ಟುತ್ತಿದ್ದಾರೆ? ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಆಯ್ಕೆ ಯಾರದು? ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಿದ್ದಾರೋ, ತಿದ್ದಿಕೊಂಡರೋ? ಸೋಲು-ಗೆಲುವಿನ ಪಟ್ಟಿ ಇವುಗಳ ನಂತರ. ಆದರೆ ನಾಲ್ಕಕ್ಕೂ ಉತ್ತರ ಕೆಟ್ಟದಾಗಿದ್ದರೆ, ಇನ್ನೂ ಕಾಯಿರಿ ಎಂದು ಅಭಿಮಾನಿಗೆ ಹೇಳುವುದೂ ಅನ್ಯಾಯ. ಟಿಕೆಟ್ ದುಡ್ಡು ಅವನದು, ಹೋಗುವ ವರ್ಷಗಳೂ ಅವನವೇ.

ಮೈಕ್ ಮುಂದೆ ಕೂತವರಿಗೆ 'ತೆಗೆದುಹಾಕಿ' ಅನ್ನುವುದು ಬಹಳ ಸುಲಭ. ನಾನೂ ಮೈಕ್ ಮುಂದೆ ಕೂರುವವನೇ, ಅದಕ್ಕೇ ಗೊತ್ತು. ಇನ್ನೊಬ್ಬರ ಕೆಲಸ ತೂಗುವಾಗ ಈ ವಾರದ ಸ್ಕೋರಿನ ಜೊತೆ ಮೂರು ವರ್ಷದ ಹಿಂದಿನ ಚೀಲವನ್ನೂ ತಕ್ಕಡಿಗೆ ಹಾಕೋಣ.

ಭಾನುವಾರ ಮತ್ತೆ ಸಿಗೋಣ. ಕೇಳುತ್ತಿರಿ.