ಇಳಿಹೊತ್ತಿನ ಆಟಗಾರರು

ಸದಾಶಿವಗಡದ ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡು, ದಿನವೂ ಕಾಳಿಯ ಸೇತುವೆ ದಾಟಿ ಕಾರವಾರದಲ್ಲಿ ಕನ್ನಡ ಪಾಠ ಹೇಳುವ ನನಗೂ ಕಾಲ್ಚೆಂಡಿನಾಟಕ್ಕೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನೆರೆಹೊರೆಯದು. ಇಲ್ಲಿಂದ ಉತ್ತರಕ್ಕೆ ಮಾಜಾಳಿಯನ್ನು ದಾಟಿದರೆ ಗೋವೆ. ಅಲ್ಲಿಯ ಹುಡುಗನಿಗೆ ಚೆಂಡೆಂದರೆ ಮೊದಲು ನೆನಪಾಗುವುದು ಕಾಲು, ಆಮೇಲೆ ಕೈ. ಆ ಗಾಳಿ ಗಡಿಯ ನಾಕೆಯಲ್ಲಿ ತಡೆದು ನಿಲ್ಲದೆ ನಮ್ಮ ಊರಿನ ಬಯಲಿಗೂ ಬೀಸಿದೆ.

2014ರ ಅಕ್ಟೋಬರ್ 15ರ ಸಂಜೆ ನಾನು ಮಡಗಾಂವದ ಫಾತೋರ್ಡಾ ಕ್ರೀಡಾಂಗಣದಲ್ಲಿ ಕುಳಿತಿದ್ದೆ. ಕರೆದೊಯ್ದವನು ನನ್ನ ವಿದ್ಯಾರ್ಥಿ, ಬಿ.ಎ. ಎರಡನೆಯ ವರ್ಷದವನು, ಎಡಗಡೆಯಿಂದ ಮುನ್ನುಗ್ಗಿ ಆಡುವುದರಲ್ಲಿ ಸದಾಶಿವಗಡದಲ್ಲಿ ಹೆಸರಾದವನು. ಇಂಡಿಯನ್ ಸೂಪರ್ ಲೀಗ್ ಹುಟ್ಟಿ ಆಗ ಮೂರೇ ದಿನ. ಗೋವೆಯ ತಂಡದಲ್ಲಿ ಫ್ರಾನ್ಸಿನ ರಾಬರ್ಟ್ ಪಿರೆಸ್ ಆಡುವರೆಂಬುದೇ ಊರೆಲ್ಲ ಮಾತು. 1998ರಲ್ಲಿ ವಿಶ್ವಕಪ್ ಗೆದ್ದ ತಂಡದವರು. 2003–04ರಲ್ಲಿ ಇಂಗ್ಲೆಂಡಿನ ಲೀಗಿನಲ್ಲಿ ಒಂದು ಪಂದ್ಯವನ್ನೂ ಸೋಲದ ಆರ್ಸೆನಲ್ ತಂಡದ ಆಧಾರಗಳಲ್ಲೊಬ್ಬರು. ಆದರೆ ಅವರಿಗೆ ನಲವತ್ತೊಂದು ತುಂಬಲು ಎರಡೇ ವಾರ ಉಳಿದಿದ್ದವು. ಹಿಂದಿನ ಮೂರು ವರ್ಷ ಅವರು ಯಾವ ಕ್ಲಬ್ಬಿನ ಅಂಗಿಯನ್ನೂ ತೊಟ್ಟಿರಲಿಲ್ಲ.

ಮೊದಲ ಕಾಲು ಗಂಟೆಯಲ್ಲಿ ನನಗೆ ನಿರಾಶೆಯೇ ಆಯಿತೆಂದು ಒಪ್ಪಿಕೊಳ್ಳಬೇಕು. ಉಳಿದವರು ಓಡುತ್ತಿದ್ದರೆ ಪಿರೆಸ್ ನಡೆಯುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೊಂಕಣಿಯಲ್ಲಿ, “ಸಂತೆಗೆ ಬಂದವನ ಹಾಗಿದ್ದಾನಲ್ಲ!” ಎಂದು ಗೊಣಗಿದರು. ನಾನು ನಕ್ಕೆ; ನನ್ನ ವಿದ್ಯಾರ್ಥಿ ನಗಲಿಲ್ಲ. ಅವನು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಚೆಂಡು ಎಲ್ಲಿಯೇ ಇರಲಿ, ಅವನ ಕಣ್ಣು ಆ ಒಬ್ಬ ಮನುಷ್ಯನ ಮೇಲೆ ನೆಟ್ಟಿತ್ತು. ಚೆನ್ನೈಯ ತಂಡ 2–1ರಿಂದ ಗೆದ್ದಿತು. ಮರಳುವಾಗ ಕರಮಲ ಘಾಟ ಇಳಿದು ಕಾಣಕೋಣಕ್ಕೆ ಬರುವವರೆಗೂ ಅವನು ತುಟಿ ಬಿಚ್ಚಲಿಲ್ಲ. ಆಮೇಲೆ ತನ್ನಷ್ಟಕ್ಕೆಂಬಂತೆ ಹೇಳಿದ: “ಸರ್, ಅವರು ಚೆಂಡು ಬರುವ ಮೊದಲೇ ಹಿಂದೆ ತಿರುಗಿ ಎರಡು ಸಲ ನೋಡ್ತಾರೆ. ನಾನು ಬಂದ ಮೇಲೆ ನೋಡ್ತೇನೆ.”

ಹತ್ತಾರು ವರ್ಷ ಕಾವ್ಯಪಾಠ ಮಾಡಿದ ನಾನು ಅಂದು ನೋಡಿದ್ದು ಕಾಲನ್ನು, ಆ ಹುಡುಗ ನೋಡಿದ್ದು ಕಣ್ಣನ್ನು.

ಆ ವರ್ಷ ನಮ್ಮ ದೇಶಕ್ಕೆ ಹೀಗೆ ಬಂದವರು ಒಬ್ಬಿಬ್ಬರಲ್ಲ. 2000ದ ಜುಲೈ 2ರಂದು ರಾಟರ್‌ಡ್ಯಾಮಿನಲ್ಲಿ ನಡೆದ ಯುರೋಪಿನ ಅಂತಿಮ ಪಂದ್ಯವನ್ನು ಬಲ್ಲವರು ನೆನೆಯಬಹುದು. ಹೆಚ್ಚಿನ ಅವಧಿಯಲ್ಲಿ ಮೊದಲ ಗೋಲು ಬಿದ್ದೊಡನೆ ಆಟ ಮುಗಿಯುವ ನಿಯಮ ಆಗಿತ್ತು. ಎಡಗಡೆಯಿಂದ ಪಿರೆಸ್ ಚೆಂಡನ್ನು ಹಿಂದಕ್ಕೆ ಕೊಟ್ಟರು. ಡೇವಿಡ್ ಟ್ರೆಜೆಗೆ ಅದು ನೆಲ ಮುಟ್ಟುವ ಮೊದಲೇ ಬಲೆಗೆ ಬಾರಿಸಿದರು. ಸೋತ ಇಟಲಿಯಲ್ಲಿ ಅದೇ ಸಂಜೆ ಎರಡು ಸುಲಭ ಅವಕಾಶಗಳನ್ನು ಕಳೆದುಕೊಂಡವರು ಅಲೆಸಾಂಡ್ರೊ ಡೆಲ್ ಪಿಯೆರೊ. ಹದಿನಾಲ್ಕು ವರ್ಷಗಳ ತರುವಾಯ ಈ ಮೂವರೂ ಭಾರತದಲ್ಲಿದ್ದರು: ಒಬ್ಬರು ಗೋವೆಯಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ದಿಲ್ಲಿಯಲ್ಲಿ. ಮೂವರೂ ಸೇರಿ ಆ ಋತುವಿನಲ್ಲಿ ಹೊಡೆದ ಗೋಲುಗಳು ನಾಲ್ಕು. ಲೆಕ್ಕ ಬರೆಯುವವನಿಗೆ ಇದು ನಷ್ಟದ ವ್ಯಾಪಾರವೆಂದೇ ತೋರೀತು.

ಈ ವ್ಯಾಪಾರದ ತವರು ಅಮೆರಿಕ. ಅಲ್ಲಿ ಕಾಲ್ಚೆಂಡಿಗೆ ಜನ ಸೇರದಿದ್ದಾಗ ನ್ಯೂಯಾರ್ಕಿನ ಕಾಸ್ಮೋಸ್ ತಂಡ 1975ರಲ್ಲಿ ಬ್ರೆಜಿಲ್ಲಿನ ಪೆಲೆಯನ್ನು, 1977ರಲ್ಲಿ ಜರ್ಮನಿಯ ಬೆಕೆನ್‌ಬೌರರನ್ನು ಕರೆಸಿತು. ಪೋರ್ಚುಗಲ್ಲಿನ ಯುಸೇಬಿಯೊ, ಹಾಲೆಂಡಿನ ಕ್ರೈಫ್, ಜರ್ಮನಿಯ ಗರ್ಡ್ ಮುಲ್ಲರ್ ಮೊದಲಾದವರೂ ಆ ಲೀಗಿನಲ್ಲಿ ಆಡಿದರು. 1977ರ ಆಗಸ್ಟ್ 14ರಂದು ಒಂದೇ ಪಂದ್ಯಕ್ಕೆ 77,691 ಜನ ನೆರೆದರು. ಇಪ್ಪತ್ತನಾಲ್ಕು ತಂಡಗಳವರೆಗೆ ಬೆಳೆದ ಆ ಲೀಗು 1984ರ ಋತುವಿನೊಂದಿಗೆ ಅಳಿದೇ ಹೋಯಿತು. ಹೆಸರನ್ನು ನೋಡಲು ಬಂದವರು ಹೆಸರಿನೊಡನೆಯೇ ಎದ್ದುಹೋದರು. 1996ರಲ್ಲಿ ತೊಡಗಿದ ಈಗಿನ ಅಮೆರಿಕದ ಲೀಗು ಮೊದಮೊದಲು ಕೈ ಬಿಗಿಹಿಡಿದು ನಡೆಯಿತು. 2007ರಲ್ಲಿ ಬೆಕ್‌ಹ್ಯಾಮ್‌ಗಾಗಿ ಸಂಬಳದ ಮಿತಿಯನ್ನೇ ಸಡಿಲಿಸಿತು. ಆಮೇಲೆ ಆನ್ರಿ, ಜೆರಾರ್ಡ್, ಲ್ಯಾಂಪಾರ್ಡ್, ಮೂವತ್ತಾರರ ಪಿರ್ಲೊ. 2023ರಲ್ಲಿ ಅದೇ ವಯಸ್ಸಿನ ಮೆಸ್ಸಿ ಯುರೋಪನ್ನು ಬಿಟ್ಟು ಹೋದದ್ದೂ ಅಲ್ಲಿಗೇ.

ಪೆಲೆಯ ಕಾಸ್ಮೋಸ್ 1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿತ್ತು. ಪಂದ್ಯ 2–2ರಲ್ಲಿ ಸಮವಾಯಿತು. ವಾರ ಕಳೆಯುವುದರೊಳಗೆ, ಅಕ್ಟೋಬರ್ 1ರಂದು, ಪೆಲೆ ಆಟಕ್ಕೆ ವಿದಾಯ ಹೇಳಿದರು. ಅಂದು ಈಡನ್ನಿನಲ್ಲಿ ಪೆಲೆಯ ಬೆನ್ನುಬಿಡದೆ ಕಾದ ಗೌತಮ್ ಸರ್ಕಾರ್ ಅವರ ಹೆಸರು ಬಂಗಾಳದಲ್ಲಿ ಇಂದಿಗೂ ಮಾಸಿಲ್ಲ. ಮುಳುಗುವ ಸೂರ್ಯನಾದರೇನು, ಎದುರು ನಿಂತವನ ನೆರಳನ್ನು ಉದ್ದ ಮಾಡಬಲ್ಲ.

ಈ ಇಡೀ ಪ್ರಕರಣ ನನಗೆ ಪಂಪನ ಒಂದು ಸಂದರ್ಭವನ್ನು ನೆನಪಿಗೆ ತರುತ್ತದೆ; ಉಪಾಧ್ಯಾಯರ ಚಟವೆಂದು ವಾಚಕರು ಕ್ಷಮಿಸಬೇಕು. ‘ವಿಕ್ರಮಾರ್ಜುನವಿಜಯ’ದಲ್ಲಿ ದುರ್ಯೋಧನ ಭೀಷ್ಮನಿಗೆ ಸೇನಾಪಟ್ಟ ಕಟ್ಟುತ್ತಾನೆ. ಈ ಮುಪ್ಪಿನವನಿಂದ ಏನಾದೀತೆಂದು ಕರ್ಣ ಕೆರಳಿ ಹಳಿಯುತ್ತಾನೆ. ಭೀಷ್ಮ ಸಿಟ್ಟಾಗುವುದಿಲ್ಲ; ಈ ಮಹಾಯುದ್ಧದಲ್ಲಿ ಸರದಿ ನಿನಗೂ ಬರುತ್ತದೆ ಎನ್ನುವ ಅರ್ಥದ ಮಾತಾಡುತ್ತಾನೆ. ತರಗತಿಯಲ್ಲಿ ನಾನು ಬಹುಕಾಲ ಭೀಷ್ಮನ ಗಾಂಭೀರ್ಯವನ್ನೇ ಕೊಂಡಾಡುತ್ತ ಬಂದೆ. ಆದರೆ ಭೀಷ್ಮ ಬೀಳುವ ತನಕ, ಹತ್ತು ದಿನ, ಕರ್ಣ ಆಯುಧ ಮುಟ್ಟದೆ ಹೊರಗೆ ಉಳಿದನಲ್ಲ! ಇಂದಿನ ಆಟದ ಮಾತಿನಲ್ಲಿ ಹೇಳುವುದಾದರೆ ಬೆಂಚಿನ ಮೇಲೆ ಕುಳಿತಿದ್ದ. ಫಾತೋರ್ಡಾದಿಂದ ಬಂದ ಮೇಲೆ ಆ ಭಾಗವನ್ನು ಪಾಠ ಮಾಡುವಾಗಲೆಲ್ಲ ನನ್ನ ದೃಷ್ಟಿ ಬೆಂಚಿನ ಕಡೆಗೇ ಹೊರಳುತ್ತದೆ.

2014ರಲ್ಲಿ ತಂಡವೊಂದು ಒಮ್ಮೆಗೆ ಆರು ಮಂದಿ ವಿದೇಶೀಯರನ್ನು ಕಣಕ್ಕಿಳಿಸಬಹುದಿತ್ತು. ಭಾರತೀಯರಿಗೆ ಖಚಿತವಾಗಿ ದೊರೆಯುತ್ತಿದ್ದುದು ಐದು ಸ್ಥಾನ. 2017ರಲ್ಲಿ ಆ ಆರು ಐದಾಯಿತು, 2021ರಲ್ಲಿ ನಾಲ್ಕಾಯಿತು. ಸ್ಥಾನ ಸಿಕ್ಕಿದರೆ ನಮ್ಮವರು ಏನು ಮಾಡಬಲ್ಲರೆಂಬುದಕ್ಕೆ ಆ ಮೊದಲ ಋತುವೇ ಸಾಕ್ಷಿ. ಅಂದು ಫಾತೋರ್ಡಾದಲ್ಲಿ ಮೊದಲು ಬಲೆ ಅಲುಗಿಸಿದವರು ಚೆನ್ನೈಯ ಬಲವಂತ್ ಸಿಂಗ್; ಈ ಲೀಗಿನಲ್ಲಿ ಗೋಲು ಹೊಡೆದ ಮೊದಲ ಭಾರತೀಯ ಅವರು. ಡಿಸೆಂಬರ್ 20ರ ಅಂತಿಮ ಪಂದ್ಯದಲ್ಲಿ ಬದಲಿಯಾಗಿ ಇಳಿದು ಕೊನೆಯ ಗಳಿಗೆಯಲ್ಲಿ ಕೋಲ್ಕತ್ತೆಗೆ ಕಪ್ ಗೆದ್ದುಕೊಟ್ಟವರು ಮೊಹಮ್ಮದ್ ರಫೀಕ್. ನಾಚಿಕೆಯ ಮಾತೆಂದರೆ, ಆ ಸಂಜೆ ಬಲವಂತರ ಗೋಲನ್ನು ಕಣ್ಣಾರೆ ಕಂಡ ನಾನು ಮನೆಗೆ ಬಂದು ಬಣ್ಣಿಸಿದ್ದೆಲ್ಲ ಪಿರೆಸರ ನಡಿಗೆಯನ್ನು.

ಸುನಿಲ್ ಛೇತ್ರಿಯವರ ಕತೆ ಇನ್ನೂ ವಿಚಿತ್ರವಾದದ್ದು. ಇಪ್ಪತ್ತೈದರ ಪ್ರಾಯದಲ್ಲಿ, 2010ರಲ್ಲಿ, ಅವರು ಅಮೆರಿಕದ ಅದೇ ಲೀಗಿನ ಕಾನ್ಸಾಸ್ ಸಿಟಿ ತಂಡವನ್ನು ಸೇರಿದ್ದರು. ಅದೇ ವರ್ಷ ಆನ್ರಿಗೆ ಕೆಂಪುಗಂಬಳಿ ಹಾಸಿದ ಲೀಗಿನಲ್ಲಿ ನಮ್ಮ ತರುಣನಿಗೆ ದೊರೆತದ್ದು ಬಹುಮಟ್ಟಿಗೆ ಬೆಂಚು. ಮುಂದೆ ಬೆಂಗಳೂರು ಎಫ್.ಸಿ.ಯ ನಾಯಕರಾಗಿ ಅವರು ಬೆಳೆದದ್ದು ಕನ್ನಡಿಗರ ಕಣ್ಣೆದುರಿಗೇ. 2024ರ ಜೂನ್ 6ರಂದು ರಾಷ್ಟ್ರತಂಡಕ್ಕೆ ವಿದಾಯ ಹೇಳಿದರು. ಒಂಬತ್ತು ತಿಂಗಳಲ್ಲಿ ಅವರನ್ನು ಮತ್ತೆ ಕರೆಸಬೇಕಾಯಿತು. 2025ರ ಮಾರ್ಚಿಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಆ ಸಾಲಿನ ಲೀಗಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, ಹದಿನಾಲ್ಕು, ಗೋಲು ಅವರದೇ. ನಾನು ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ ಮನಸ್ಸು ಅಳುಕಿತು. ಭೀಷ್ಮ ಎದ್ದುಹೋದ ಮೇಲೂ ಪಾಳೆಯದಲ್ಲಿ ಕರ್ಣನಿಲ್ಲವೆಂದರೆ ಹತ್ತು ವರ್ಷ ನಡೆದ ಪಾಠವಾದರೂ ಯಾವುದು? ಅದೇ 2025ರ ಜುಲೈಯಲ್ಲಿ ಲೀಗು ನಡೆಸುವವರ ಒಪ್ಪಂದದ ತೊಡಕಿನಿಂದ ಮುಂದಿನ ಋತುವನ್ನು ತಡೆಹಿಡಿದ ಸುದ್ದಿ ಬಂದಾಗ ನನಗೆ ನೆನಪಾದದ್ದು 1984ರ ಅಮೆರಿಕ.

ನಮ್ಮ ಜಿಲ್ಲೆಯಲ್ಲಿ ವಯಸ್ಸಾದವರ ಆಟ ನೋಡುವುದು ಹೊಸತೇನಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟುತ್ತಿದ್ದರು. ಜನ ನಿದ್ದೆಗೆಟ್ಟು ಕಾದರು. ಎಷ್ಟು ಮಂಡಿ ಹಾಕಿದರೆಂದು ಎಣಿಸಲು ಅಲ್ಲ. ಆದರೆ ಅವರ ಪ್ರಾಯವನ್ನೂ ಇದೇ ಜನ ಕಂಡಿದ್ದರು, ಅದೇ ರಂಗಸ್ಥಳದಲ್ಲಿ ಕಿರಿಯ ವೇಷಧಾರಿಗಳು ಅವರೆದುರು ಕುಣಿದು ಕಲಿತಿದ್ದರು. ಪಿರೆಸ್ ಗೋವೆಯಲ್ಲಿ ಎಂಟು ಪಂದ್ಯ ಆಡಿ ಊರಿಗೆ ಮರಳಿದರು. ಎಂಟು ಪಂದ್ಯದಲ್ಲಿ ಯಾರು ಯಾರಿಗೆ ಏನು ಕಲಿಸಿಯಾರು ಎಂದು ನಾನು ವಾದಿಸುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ವಾದಿಸಲಾರೆ.

ನನ್ನ ಆ ವಿದ್ಯಾರ್ಥಿ ಎರಡು ಸಲ ಗೋವೆಗೆ ಆಯ್ಕೆಗೆಂದು ಹೋಗಿ ಬಂದ. ಎರಡು ಸಲವೂ ಹೆಸರು ಹತ್ತಲಿಲ್ಲ. ಈಗ ಅವನಿಗೆ ಮೂವತ್ತು ದಾಟಿದೆ. ಬಂದರಿನ ಬಳಿ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಊರಿನ ಮಕ್ಕಳನ್ನು ಕೂಡಿಸಿಕೊಂಡು ಆಡಿಸುತ್ತಾನೆ. ಮೊನ್ನೆ ಅತ್ತ ಹೋಗಿದ್ದೆ. ಅವನು ಓಡುತ್ತಿರಲಿಲ್ಲ; ಬಯಲಿನ ನಡುವೆ ನಿಂತು, “ಚೆಂಡನ್ನಲ್ಲ, ಹಿಂದೆ ನೋಡೋ, ಹಿಂದೆ! ಇನ್ನೊಮ್ಮೆ!” ಎಂದು ಕೂಗುತ್ತಿದ್ದ. ನನ್ನನ್ನು ಕಂಡು ಬಂದು ನಮಸ್ಕರಿಸಿದಾಗ ನಾನು ಪಿರೆಸರ ಹೆಸರೆತ್ತಿದೆ. ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಹತ್ತು ವರ್ಷದ ಹುಡುಗ ಕೇಳಿದ: “ಅವರು ಯಾರು, ಅಣ್ಣಾ? ಮಡಗಾಂವದವರೇ?”

ಅವನು ನನ್ನ ಮುಖ ನೋಡಿ ನಕ್ಕು, “ಹೌದೋ, ಮಡಗಾಂವದವರೇ. ಹೋಗು, ಆಡು” ಎಂದ.