ಬೇಸ್ ಗಿಟಾರಿನ ದನಿ ಆಗಾಗ ಉಡುಗುವುದೇಕೆ?

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಇಂದು ವೀಣೆ, ಕೊಳಲು, ತಬಲಗಳ ಜೊತೆಗೆ ಗಿಟಾರು, ಕೀಬೋರ್ಡುಗಳನ್ನೂ ಆಸಕ್ತಿಯಿಂದ ಕಲಿಯುತ್ತಿದ್ದಾರೆ. ಸಂಘದ ರಾಜ್ಯೋತ್ಸವದ ವೇದಿಕೆಯಲ್ಲಿ ಭಾವಗೀತೆಗಳಿಗೆ ಈ ವಾದ್ಯಗಳ ಸಾಥ್ ದೊರೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ವಿದ್ಯುತ್ತಿನ ನೆರವಿನಿಂದ ನುಡಿಯುವ ವಾದ್ಯ ಕೈಕೊಟ್ಟಾಗ ಏನು ಮಾಡಬೇಕೆಂಬುದು ಪಾಲಕರಾದ ನಮಗಾಗಲಿ, ಬಹಳಷ್ಟು ಮಕ್ಕಳಿಗಾಗಲಿ ತಿಳಿದಿರುವುದಿಲ್ಲ. ನಮ್ಮ ಮನೆಯಲ್ಲಿ ನಡೆದ ಪ್ರಸಂಗವೊಂದು ಈ ಲೇಖನಕ್ಕೆ ಪ್ರೇರಣೆ.

ನನ್ನ ಮಗಳು ಕೆಲವು ವರ್ಷಗಳಿಂದ ನಾಲ್ಕು ತಂತಿಗಳ ಎಲೆಕ್ಟ್ರಿಕ್ ಬೇಸ್ ಗಿಟಾರ್ ನುಡಿಸುತ್ತಿದ್ದಾಳೆ. ಕಾರ್ಯಕ್ರಮವೊಂದರ ತಾಲೀಮಿನಲ್ಲಿ, ಹಾಡಿನ ನಡುವೆ ಅವಳ ವಾದ್ಯದ ದನಿ ಇದ್ದಕ್ಕಿದ್ದಂತೆ ಕುಗ್ಗಿತು, ಕೆಲವು ಕ್ಷಣಗಳಲ್ಲಿ ತಾನಾಗಿಯೇ ಮರಳಿತು, ಮತ್ತೆ ಕುಗ್ಗಿತು. "ನಾನೇನೂ ಮಾಡಲಿಲ್ಲ ಅಪ್ಪಾ, ಗಿಟಾರೇ ಸರಿಯಿಲ್ಲ" ಎಂದಳು. ಮನೆಗೆ ಬಂದು ಮಂಚದ ಮೇಲೆ ಕುಳಿತು ನುಡಿಸಿದರೆ ದೋಷದ ಸುಳಿವೇ ಇಲ್ಲ! "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದು ನಾನು ಹಂಗಿಸಿಬಿಟ್ಟೆ. ಮುಂದಿನ ತಾಲೀಮಿಗೆ ಹೋಗಲು ಅವಳು ಒಲ್ಲೆನೆಂದಾಗಲೇ ನನ್ನ ಮಾತು ಎಷ್ಟು ನೋಯಿಸಿತ್ತೆಂಬುದರ ಅರಿವಾದದ್ದು. ವಿಚಾರಿಸಿದ ಅಂಗಡಿಯಲ್ಲಿ ಹೊಸ ವಾದ್ಯವನ್ನೇ ಕೊಳ್ಳುವಂತೆ ಸಲಹೆಯಿತ್ತರು.

ಕಲಾ ಪದವೀಧರನಾದ ನನಗೆ ವಿದ್ಯುತ್ತಿನ ವಿದ್ಯೆ ಬಹು ದೂರ. ಆದರೆ ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ಪುಸ್ತಕವನ್ನೇ ಬದಲಿಸುವವರು ಯಾರೂ ಇಲ್ಲ. ಸರಿಯಿರುವ ಪುಟಗಳನ್ನು ಒಂದೊಂದಾಗಿ ಬದಿಗಿಟ್ಟು ತಪ್ಪಿರುವ ಪುಟವನ್ನು ಹುಡುಕುತ್ತೇವೆ. ಬಲ್ಲವರನ್ನು ಕೇಳಿ ತಿಳಿದಾಗ, ವಾದ್ಯದ ದೋಷವನ್ನು ಹುಡುಕುವ ಬಗೆಯೂ ಇದೇ ಎಂಬುದು ಮನವರಿಕೆಯಾಯಿತು.

ದನಿ ಸಾಗುವ ದಾರಿ

ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ಮೇಲೆ ಎಲೆಕ್ಟ್ರಿಕ್ ಬೇಸ್ ಗಿಟಾರ್ ಜಗತ್ತಿನಾದ್ಯಂತ ಹರಡಿತು. ಅದರ ಮೂಲ ವ್ಯವಸ್ಥೆ ಬಹಳ ಸರಳ. ತಂತಿಗಳ ಕೆಳಗೆ 'ಪಿಕಪ್' ಎಂಬ ಭಾಗವಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಅದನ್ನು ರಚಿಸಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದು ದನಿಯ ಏರಿಳಿತದ ಗುಂಡಿಯನ್ನು ಹಾದು, ಕೇಬಲ್ ಸಿಕ್ಕಿಸುವ ಜ್ಯಾಕ್ ತಲುಪಿ, ಕೇಬಲ್ ಮೂಲಕ ಆಂಪ್ಲಿಫೈಯರ್ ಸೇರಿ, ಅಲ್ಲಿ ಬಲಗೊಂಡು ಸ್ಪೀಕರಿನಿಂದ ಹೊರಬರುತ್ತದೆ. ಈ ದಾರಿಯಲ್ಲಿ ಎಲ್ಲೇ ಒಂದು ಕೊಂಡಿ ಸಡಿಲವಾದರೂ ದನಿ ಉಡುಗುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಒಂದೇ ತಂತಿಯ ಒಂದೇ ಸ್ವರ ಯಾವಾಗಲೂ ಮಂಕಾಗಿ ಕೇಳಿಸಿದರೆ ಅದು ಮರದ ಕಂಪನದ ಗುಣ, ವಿದ್ಯುತ್ತಿನ ದೋಷವಲ್ಲ. ನಾಲ್ಕೂ ತಂತಿಗಳ ದನಿ ಒಟ್ಟಿಗೆ ಕುಗ್ಗಿ ಒಟ್ಟಿಗೆ ಮರಳಿದರೆ ಮಾತ್ರ ಕೊಂಡಿಯ ದೋಷವನ್ನು ಶಂಕಿಸಬೇಕು.

ಹುಡುಕುವ ಕ್ರಮ

ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬುದು ಮೊದಲ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ.

ಮೊದಲು ಕೇಬಲ್. ಪದೇ ಪದೇ ಮಡಚುವುದರಿಂದ ಪಿನ್ನಿನ ಬುಡದಲ್ಲಿ ಒಳಗಿನ ಎಳೆಗಳು ತುಂಡಾಗುವುದು ತೀರ ಸಾಮಾನ್ಯ. ಸರಿಯಿದೆಯೆಂದು ಖಚಿತವಾಗಿ ತಿಳಿದಿರುವ ಬೇರೊಂದು ಕೇಬಲ್ ಹಾಕಿ ನೋಡಬೇಕು. ಎಫೆಕ್ಟ್ ಪೆಡಲುಗಳಿದ್ದರೆ ಎಲ್ಲವನ್ನೂ ತೆಗೆದು, ವಾದ್ಯವನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಬೇಕು.

ಎರಡನೆಯದು ಬ್ಯಾಟರಿ. 'ಆಕ್ಟಿವ್' ಮಾದರಿಯ ಬೇಸ್ ಗಿಟಾರುಗಳ ಒಳಗೆ ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಬರಿದಾಗತೊಡಗಿದಾಗ ದನಿ ಒಡೆದಂತಾಗಿ ಕ್ರಮೇಣ ಕುಗ್ಗುತ್ತದೆ. ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟರೆ ಮತ್ತೆ ಚೇತರಿಸಿಕೊಂಡಂತೆ ಕಾಣುವುದೂ ಉಂಟು. ಇಂತಹ ಹೆಚ್ಚಿನ ವಾದ್ಯಗಳಲ್ಲಿ ಕೇಬಲ್ ಸಿಕ್ಕಿಸಿದಾಗಲೇ ಬ್ಯಾಟರಿ ಚಾಲನೆಗೊಳ್ಳುವುದರಿಂದ, ನುಡಿಸಿಯಾದ ಮೇಲೆ ಕೇಬಲ್ ತೆಗೆದಿಡುವುದು ಒಳ್ಳೆಯ ಅಭ್ಯಾಸ.

ಮೂರನೆಯದಾಗಿ, ದೋಷ ವಾದ್ಯದಲ್ಲಿದೆಯೋ ಆಂಪ್ಲಿಫೈಯರಿನಲ್ಲಿದೆಯೋ ಎಂಬುದನ್ನು ನಿರ್ಧರಿಸಬೇಕು. ಅದೇ ಕೇಬಲಿನಿಂದ ಬೇರೆ ವಾದ್ಯವನ್ನು ಅದೇ ಆಂಪ್ಲಿಫೈಯರಿಗೆ ಜೋಡಿಸಿ ಸಾಕಷ್ಟು ಹೊತ್ತು ನುಡಿಸಿದಾಗಲೂ ದನಿ ಕುಗ್ಗಿದರೆ ದೋಷ ಆಂಪ್ಲಿಫೈಯರಿನದು. ಅದರ ಹಿಂಬದಿಯಲ್ಲಿ 'ಸೆಂಡ್', 'ರಿಟರ್ನ್' ಎಂಬ ಎರಡು ಜ್ಯಾಕುಗಳಿದ್ದರೆ ಅವೆರಡನ್ನೂ ಒಂದು ಗಿಡ್ಡ ಕೇಬಲಿನಿಂದ ಕೂಡಿಸಿ ನೋಡಬಹುದು. ದನಿ ಸರಿಹೋದರೆ, ಬಳಕೆಯಿಲ್ಲದೆ ರಿಟರ್ನ್ ಜ್ಯಾಕಿನ ಒಳಗಿನ ಸಂಪರ್ಕದ ಮೇಲೆ ಕಿಲುಬು ಕೂತಿದೆಯೆಂದು ತಿಳಿಯಬೇಕು. ಇದಕ್ಕಿಂತ ಒಳಗೆ ನಾವು ಕೈಹಾಕುವುದು ಸಲ್ಲದು. ಆಂಪ್ಲಿಫೈಯರಿನ ಒಳಗೆ, ಅದರಲ್ಲೂ ವಾಲ್ವ್ ಮಾದರಿಯದರಲ್ಲಿ, ವಿದ್ಯುತ್ ಸಂಪರ್ಕ ತೆಗೆದ ಮೇಲೂ ಪ್ರಾಣಾಪಾಯಕಾರಿಯಾದ ವೋಲ್ಟೇಜ್ ಉಳಿದಿರಬಹುದು. ಅದನ್ನು ತಜ್ಞರಿಗೇ ಒಪ್ಪಿಸಬೇಕು.

ದೋಷ ವಾದ್ಯದಲ್ಲೇ ಇದೆಯೆಂದಾದರೆ ಮೊದಲು ಗುಂಡಿಗಳನ್ನು ಗಮನಿಸಬೇಕು. ತಿರುಗಿಸುವಾಗ ಕರಕರ ಸದ್ದಾಗಿ ದನಿ ಜಿಗಿದರೆ ಒಳಗೆ ಧೂಳು ಸೇರಿದೆಯೆಂದರ್ಥ. ಎಲೆಕ್ಟ್ರಾನಿಕ್ ಉಪಕರಣಗಳಿಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಒಳಕ್ಕೆ ಸಿಂಪಡಿಸಿ, ಗುಂಡಿಯನ್ನು ಇಪ್ಪತ್ತು ಮೂವತ್ತು ಬಾರಿ ಪೂರ್ತಿ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಮುಂತಾದವನ್ನು ಹಾಕಬಾರದು. ಮುಂಬಯಿ, ಚೆನ್ನೈಗಳಂತಹ ಕಡಲ ತೀರದ ನಗರಗಳ ಉಪ್ಪು ಗಾಳಿಗೆ ಲೋಹದ ಸಂಪರ್ಕಗಳು ಬೇಗನೆ ಕಿಲುಬುಗಟ್ಟುವುದರಿಂದ ಮಳೆಗಾಲದಲ್ಲಿ ಈ ತೊಂದರೆ ಹೆಚ್ಚು.

ಕೊನೆಯದು ಜ್ಯಾಕ್. ಹೆಚ್ಚಿನ ಎಳೆತ ಬೀಳುವುದು ಇದರ ಮೇಲೆಯೇ. ಕೇಬಲಿನ ಪಿನ್ನನ್ನು ಮೆಲ್ಲನೆ ಅಲುಗಿಸಿದಾಗ ದನಿ ಹೋಗಿ ಬಂದರೆ ದೋಷ ಇಲ್ಲಿದೆ. ಹೊರಗಿನ ನಟ್ಟು ಸಡಿಲವಾದರೆ ಇಡೀ ಜ್ಯಾಕ್ ತಿರುಗತೊಡಗಿ, ಒಳಗೆ ಬೆಸುಗೆ ಹಾಕಿರುವ ತಂತಿಗಳು ತಿರುಚಿಕೊಳ್ಳುತ್ತವೆ. ಒಳಗಿನಿಂದ ಜ್ಯಾಕನ್ನು ಹಿಡಿದುಕೊಂಡೇ ನಟ್ಟನ್ನು ಬಿಗಿಗೊಳಿಸಬೇಕು. ಇಲ್ಲವಾದರೆ ಉಳಿದ ತಂತಿಯೂ ತುಂಡಾದೀತು. ಪಿನ್ನನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿ ಸಡಿಲವಾಗಿದ್ದರೆ ಅದನ್ನು ಕೊಂಚ ಒಳಕ್ಕೆ ಬಾಗಿಸಬಹುದು.

ನೆಲವೇ ಡೊಂಕಾಗಿತ್ತು

ನಮ್ಮ ವಾದ್ಯದಲ್ಲಿ ಬ್ಯಾಟರಿಯಿರಲಿಲ್ಲ. ಕೇಬಲ್ ಬದಲಿಸಿದರೂ ದೋಷ ಉಳಿಯಿತು; ಬೇರೆ ಗಿಟಾರ್ ಅದೇ ಆಂಪ್ಲಿಫೈಯರಿನಲ್ಲಿ ಚೆನ್ನಾಗಿಯೇ ನುಡಿಯಿತು. ಗುಂಡಿಗಳಲ್ಲೂ ತೊಂದರೆ ಇರಲಿಲ್ಲ. ಜ್ಯಾಕಿನ ಫಲಕವನ್ನು ತಿರುಪು ತೆಗೆದು ನೋಡಿದರೆ ನಟ್ಟು ಸಡಿಲವಾಗಿತ್ತು. ಒಂದು ತಂತಿಯ ಬೆಸುಗೆ ಬಿರುಕು ಬಿಟ್ಟು, ಮುಟ್ಟಿಯೂ ಮುಟ್ಟದಂತಿತ್ತು. ಮನೆಯಲ್ಲಿ ಕುಳಿತು ನುಡಿಸುವಾಗ ಕೇಬಲ್ ಎಳೆಯುತ್ತಿರಲಿಲ್ಲ. ತಾಲೀಮಿನಲ್ಲಿ ಎದ್ದು ನಿಂತು ಅತ್ತಿತ್ತ ಹೆಜ್ಜೆಯಿಟ್ಟಾಗ ಕೇಬಲಿನ ಭಾರಕ್ಕೆ ಜ್ಯಾಕ್ ತಿರುಗಿ ಬಿರುಕು ಬಾಯಿಬಿಡುತ್ತಿತ್ತು. ಮನೆಯಲ್ಲಿ ದೋಷ ಕಾಣದಿದ್ದುದಕ್ಕೆ ಇಷ್ಟೇ ಕಾರಣ.

ರೇಡಿಯೋ ರಿಪೇರಿ ಮಾಡುವವರೊಬ್ಬರು ಹಳೆಯ ಬೆಸುಗೆಯನ್ನು ಕರಗಿಸಿ ತೆಗೆದು ಹೊಸದಾಗಿ ಹಾಕಿಕೊಟ್ಟರು. ಐದು ನಿಮಿಷದ ಕೆಲಸ. ಹೊಸ ವಾದ್ಯದ ಬೆಲೆಯ ಮುಂದೆ ಅದರ ಖರ್ಚು ಲೆಕ್ಕಕ್ಕೇ ಇಲ್ಲ. ಈಗ ಮಗಳು ಕೇಬಲನ್ನು ಮೊದಲು ಹೆಗಲ ಪಟ್ಟಿಯ ಒಳಗಿನಿಂದ ಹಾಯಿಸಿ ಆಮೇಲೆ ಜ್ಯಾಕಿಗೆ ಸಿಕ್ಕಿಸುತ್ತಾಳೆ. ಯಾರಾದರೂ ಕೇಬಲ್ ಎಡವಿದರೂ ಎಳೆತ ಪಟ್ಟಿಯ ಮೇಲೆ ಬೀಳುತ್ತದೆಯೇ ಹೊರತು ಜ್ಯಾಕಿನ ಮೇಲಲ್ಲ.

ಬೆಸುಗೆ ಆರಿದ ಮೇಲೆ ಮಗಳು ಎದ್ದು ನಿಂತು, ಬೇಕೆಂದೇ ಅತ್ತಿತ್ತ ನಡೆದಾಡುತ್ತ ಇಡೀ ಹಾಡನ್ನು ನುಡಿಸಿ ತೋರಿಸಿದಳು. ದನಿ ಒಮ್ಮೆಯೂ ಕುಗ್ಗಲಿಲ್ಲ. "ನೆಲವೇ ಡೊಂಕಾಗಿತ್ತಮ್ಮಾ, ತಪ್ಪು ನನ್ನದೇ" ಎಂದು ನಾನು ಒಪ್ಪಿಕೊಂಡೆ. ಆಗಾಗ ಬಂದು ಹೋಗುವ ದೋಷ ನಾವು ನೋಡಿದಾಗ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದಾಗುವುದಿಲ್ಲ. ಮಕ್ಕಳು ವಾದ್ಯದ ಮೇಲೆ ದೂರು ಹೇಳಿದರೆ ಅವರನ್ನು ಗದರುವ ಮುನ್ನ ಒಂದು ಒಳ್ಳೆಯ ಕೇಬಲ್ ತಂದು, ಅವರ ಪಕ್ಕದಲ್ಲಿ ಕುಳಿತು, ಹುಡುಕುವ ಕೆಲಸವನ್ನು ಜೊತೆಯಾಗಿ ಆರಂಭಿಸೋಣ.